ಜನಕ್ಕೇ ಬೇಕಂತೆ: ಭಯೋತ್ಪಾದನೆ ತಡೆಯುವ ಕಾನೂನು ಮತ್ತು ಸಮೀಕ್ಷೆಯ ಅಂಕಿ

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಎಲ್ಲಾದರೂ ಉಗ್ರರ ದಾಳಿ ಆದಾಗಲೆಲ್ಲ ಟಿವಿ ಚರ್ಚೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಬಹುಪಾಲು ಜನಕ್ಕೆ ಕಠಿಣ ಕಾನೂನು ಬೇಕು, ಸುರಕ್ಷತೆಗಾಗಿ ಸ್ವಲ್ಪ ಸ್ವಾತಂತ್ರ್ಯ ಬಿಟ್ಟುಕೊಡಲೂ ಅವರು ರೆಡಿ.’ ಜನಕ್ಕೇ ಬೇಕು ಅಂದಮೇಲೆ ಪ್ರಜಾಪ್ರಭುತ್ವದಲ್ಲಿ ಇನ್ನೇನು ಚರ್ಚೆ? ಇದರ ಬಗ್ಗೆ ಸಂಶೋಧಕರು ಏನು ಕಂಡುಕೊಂಡಿದ್ದಾರೆ? ಇದೇ ವಿಷಯದ ಮೇಲೆ ಕಿರುಪ್ರಬಂಧ ಬರೆಯುವ ಯೋಚನೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟಿವಿಯವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ದಾಳಿ ನಡೆದ ವಾರದಲ್ಲಿ ಕೇಳಿದರೆ ಹೆಚ್ಚಿನವರು ‘ಬಿಗಿ ಮಾಡಿ’ ಅಂತಲೇ ಹೇಳುತ್ತಾರೆ. ನನ್ನ ತಕರಾರು ಇರುವುದು ಆ ಅಂಕಿಯನ್ನು ‘ಜನರ ಆಸೆ’ ಅಂತ ಓದುವುದರಲ್ಲಿ. ಕಳೆದ ಇಪ್ಪತ್ತು ವರ್ಷಗಳ ಸಂಶೋಧನೆ ನೋಡಿದರೆ, ಅದು ಒಂದು ಪ್ರಶ್ನೆಗೆ, ಒಂದು ವಾರದಲ್ಲಿ, ಯಾವನೋ ಒಬ್ಬ ಆರೋಪಿಯ ಮುಖವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊಟ್ಟ ಉತ್ತರ. ಪ್ರಶ್ನೆ ಬದಲಾದರೆ, ವಾರ ಕಳೆದರೆ, ಆ ಮುಖ ಬದಲಾದರೆ ಉತ್ತರವೂ ಬದಲಾಗುತ್ತದೆ. ಆ ಉತ್ತರ ಹಿಡಿದು ಮಾಡಿದ ಕಾನೂನು ಮಾತ್ರ ಅಷ್ಟು ಬೇಗ ಜಾಗ ಬಿಡುವುದಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. 2013ರ ಜೂನ್‌ನಲ್ಲಿ, ಗೂಢಚಾರ ವ್ಯವಸ್ಥೆಯ ಒಳಗೇ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಪತ್ರಕರ್ತರಿಗೆ ಕೊಟ್ಟ ರಹಸ್ಯ ದಾಖಲೆಗಳಿಂದ ಅಮೆರಿಕದಲ್ಲಿ ದೊಡ್ಡ ಗದ್ದಲ ಎದ್ದಿತು. ಅಲ್ಲಿನ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಕೋಟಿಗಟ್ಟಲೆ ಜನರ ಫೋನ್ ಕರೆಗಳ ಲೆಕ್ಕ ಇಡುತ್ತಿದೆ ಅಂತ ಗೊತ್ತಾಯಿತು. ಯಾರು ಯಾರಿಗೆ ಫೋನ್ ಮಾಡಿದರು, ಯಾವಾಗ, ಎಷ್ಟು ಹೊತ್ತು ಮಾತಾಡಿದರು, ಎಲ್ಲ. ಆ ಕೆಲವೇ ದಿನಗಳಲ್ಲಿ ಎರಡು ಸಮೀಕ್ಷೆಗಳು ನಡೆದವು. ಜನಾಭಿಪ್ರಾಯ ಅಳೆಯುವ ಪ್ಯೂ ಸಂಸ್ಥೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಜೊತೆ ಸೇರಿ ಕೇಳಿದಾಗ ಶೇ 56 ಜನ ‘ಪರವಾಗಿಲ್ಲ’ ಎಂದರು, ಶೇ 41 ಜನ ‘ಇದು ಸರಿಯಲ್ಲ’ ಎಂದರು. ಇನ್ನೊಂದು ಸಮೀಕ್ಷಾ ಸಂಸ್ಥೆ ಗ್ಯಾಲಪ್ ಕೇಳಿದಾಗ ಒಪ್ಪಿದವರು ಶೇ 37, ವಿರೋಧಿಸಿದವರು ಶೇ 53. ಒಂದೇ ದೇಶ, ಹೆಚ್ಚುಕಮ್ಮಿ ಒಂದೇ ವಾರ. ಒಂದು ಅಂಕಿ ಹಿಡಿದು ಸರ್ಕಾರ ‘ಜನ ನಮ್ಮ ಜೊತೆ ಇದ್ದಾರೆ’ ಅನ್ನಬಹುದಿತ್ತು. ಇನ್ನೊಂದನ್ನು ಹಿಡಿದು ವಿರೋಧಿಗಳೂ ಅದೇ ಮಾತು ಹೇಳಬಹುದಿತ್ತು.

ಪ್ಯೂ ಕೇಳಿದ ಪ್ರಶ್ನೆಯಲ್ಲಿ ‘ಕೋರ್ಟಿನ ರಹಸ್ಯ ಆದೇಶ ಪಡೆದು’ ಎಂಬ ಮಾತಿತ್ತು. ಗ್ಯಾಲಪ್ ಪ್ರಶ್ನೆಯಲ್ಲಿ ಕೋರ್ಟಿನ ಸುದ್ದಿಯೇ ಇರಲಿಲ್ಲ. ಅದರಲ್ಲಿ ಇಂಟರ್‌ನೆಟ್ ಸಂಪರ್ಕಗಳೂ ಸೇರಿದ್ದವು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಅಂತರ ಬರುತ್ತದಾ? ಪ್ಯೂ ಅದನ್ನೂ ಪರೀಕ್ಷೆ ಮಾಡಿತು. ಮುಂದಿನ ತಿಂಗಳು ಜನರನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ಹಂಚಿ, ಒಂದೊಂದು ಗುಂಪಿಗೆ ಪ್ರಶ್ನೆಯನ್ನು ಒಂದೊಂದು ರೀತಿಯಲ್ಲಿ ಕೇಳಿತು. ಕೋರ್ಟಿನ ಒಪ್ಪಿಗೆ ಇದೆ ಎಂದಾಗ ಬೆಂಬಲ ಶೇ 37. ಆ ಮಾತು ತೆಗೆದರೆ ಶೇ 25. ಭಯೋತ್ಪಾದನೆ ತಡೆಯುವುದಕ್ಕೆ ಎಂದಾಗ ಶೇ 35. ಆ ಮಾತು ತೆಗೆದರೆ ಶೇ 26. ಕಾರ್ಯಕ್ರಮ ಅದೇ, ಅದನ್ನು ವರ್ಣಿಸಿದ ಮಾತು ಬೇರೆ. ನಮ್ಮ ಚಾನೆಲ್‌ಗಳ ‘ಹೌದು ಅನ್ನುವವರು ಮೆಸೇಜ್ ಮಾಡಿ’ ಪೋಲ್‌ಗಳನ್ನು ನಾನು ಈ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಅವು ಸಮೀಕ್ಷೆಗಳೇ ಅಲ್ಲ.

ಇನ್ನೂ ಸ್ವಾರಸ್ಯದ ವಿಷಯ ಅದೇ ಜೂನ್ ವರದಿಯಲ್ಲಿದೆ. 2006ರ ಜನವರಿಯಲ್ಲಿ ಎನ್‌ಎಸ್‌ಎ ಕದ್ದಾಲಿಕೆಯ ಬಗ್ಗೆ ಕೇಳಿದ್ದರು. ಆಗ ಅಧ್ಯಕ್ಷರಾಗಿದ್ದವರು ರಿಪಬ್ಲಿಕನ್ ಪಕ್ಷದ ಬುಷ್. ಆ ಪಕ್ಷದ ಬೆಂಬಲಿಗರಲ್ಲಿ ಶೇ 75 ಜನ ಒಪ್ಪಿದ್ದರು, ಡೆಮಾಕ್ರಟಿಕ್ ಪಕ್ಷದವರಲ್ಲಿ ಶೇ 37 ಮಾತ್ರ. 2013ರ ಹೊತ್ತಿಗೆ ಡೆಮಾಕ್ರಟಿಕ್ ಪಕ್ಷದ ಒಬಾಮ ಬಂದಿದ್ದರು. ಈಗ ಡೆಮಾಕ್ರಟಿಕ್ ಬೆಂಬಲಿಗರಲ್ಲಿ ಶೇ 64 ಜನಕ್ಕೆ ಎನ್‌ಎಸ್‌ಎ ಕಣ್ಗಾವಲು ಸರಿ ಕಂಡಿತು, ರಿಪಬ್ಲಿಕನ್ನರಲ್ಲಿ ಶೇ 52ಕ್ಕೆ ಇಳಿಯಿತು. ಅಂದರೆ ಅನೇಕರು ‘ಈ ನೀತಿ ಸರಿಯಾ?’ ಅನ್ನುವ ಪ್ರಶ್ನೆಯನ್ನು ‘ನಮ್ಮವರು ಮಾಡುತ್ತಿದ್ದಾರಾ?’ ಅಂತ ಕೇಳಿಸಿಕೊಂಡಿದ್ದರು. ನಮ್ಮಲ್ಲೂ ಇದನ್ನು ನೋಡಿಲ್ಲ ಅಂತ ಹೇಳಬೇಡಿ! ಅಧಿಕಾರದಲ್ಲಿದ್ದಾಗ ಹೊಗಳಿದ ಕಾನೂನನ್ನೇ ವಿರೋಧ ಪಕ್ಷಕ್ಕೆ ಹೋದ ಮೇಲೆ ಕರಾಳ ಅನ್ನುವುದು ನಮಗೆ ಹೊಸದೇನಲ್ಲ.

ಇಲ್ಲಿಂದ ನಂಬಿಕೆಯ ವಿಷಯಕ್ಕೆ ಬರಬಹುದು. ಈ ಕ್ಷೇತ್ರದಲ್ಲಿ ಎಲ್ಲರೂ ಓದುವ ಅಧ್ಯಯನ ಡ್ಯಾರೆನ್ ಡೇವಿಸ್ ಮತ್ತು ಬ್ರಯಾನ್ ಸಿಲ್ವರ್ ಅವರದು. ಪ್ರಕಟವಾದದ್ದು 2004ರಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಯ ಎರಡು ತಿಂಗಳ ನಂತರ ಅವರು ಅಮೆರಿಕದ ಉದ್ದಗಲಕ್ಕೂ ಫೋನ್ ಮಾಡಿಸಿ ಕೇಳಿದರು. ಬೆದರಿಕೆ ಜಾಸ್ತಿ ಎಂದುಕೊಂಡವರು ಸ್ವಾತಂತ್ರ್ಯ ಬಿಟ್ಟುಕೊಡಲು ಹೆಚ್ಚು ತಯಾರಿದ್ದರು. ಇದು ಯಾರಾದರೂ ಊಹಿಸಬಹುದಾದದ್ದು. ಆದರೆ ಆ ತಯಾರಿ ಸರ್ಕಾರದ ಮೇಲಿನ ನಂಬಿಕೆಗೆ ತಳಕು ಹಾಕಿಕೊಂಡಿತ್ತು. ನಂಬಿಕೆ ಇಲ್ಲದವರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಪ್ಪು ಜನಾಂಗದವರು ಬೆದರಿಕೆ ದೊಡ್ಡದು ಅನಿಸಿದಾಗಲೂ ತಮ್ಮ ಹಕ್ಕು ಬಿಟ್ಟುಕೊಡಲು ಹಿಂಜರಿದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಪೊಲೀಸರಿಗೆ ಕೊಟ್ಟ ಹೆಚ್ಚಿನ ಅಧಿಕಾರ ಕೊನೆಗೆ ಯಾರ ಮನೆ ಬಾಗಿಲಿಗೆ ಬರುತ್ತದೆ ಎಂಬುದನ್ನು ಅವರು ತಲೆಮಾರುಗಳಿಂದ ಕಂಡವರು. ‘ಶೇ ಇಷ್ಟು ಜನ ಒಪ್ಪಿದರು’ ಎಂಬ ಒಟ್ಟು ಅಂಕಿಯೊಳಗೆ ಈ ಭೇದ ಮುಚ್ಚಿಹೋಗುತ್ತದೆ. ಬಿಟ್ಟುಕೊಡುವುದು ಯಾರ ಸ್ವಾತಂತ್ರ್ಯವನ್ನು? ಒಪ್ಪಿಗೆ ಕೊಟ್ಟವರದ್ದಾ, ಪಕ್ಕದ ಬೀದಿಯವರದ್ದಾ?

ಆ ಪಕ್ಕದ ಬೀದಿಯ ವಿಷಯವನ್ನೇ ಜೇಮ್ಸ್ ಪಿಯಾಜಾ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೇರವಾಗಿ ಅಳೆದರು. ಶಂಕಿತನನ್ನು ಕಠಿಣವಾಗಿ ವಿಚಾರಣೆ ಮಾಡಬಹುದಾ, ಕೂಡಿಹಾಕಬಹುದಾ ಎಂಬುದು ಪ್ರಶ್ನೆ. ಕೆಲವರಿಗೆ ಕೊಟ್ಟ ವಿವರದಲ್ಲಿ ಶಂಕಿತರು ಅರಬ್ ಹೆಸರಿನವರು, ಇಸ್ಲಾಮಿಸ್ಟ್ ಗುಂಪಿನವರು. ಇನ್ನು ಕೆಲವರಿಗೆ ಕೊಟ್ಟದ್ದರಲ್ಲಿ ಅಮೆರಿಕದ್ದೇ ಬಲಪಂಥೀಯ ಗುಂಪಿನವರು. ಮೊದಲನೆಯ ವಿವರ ಓದಿದವರು ಕಠಿಣ ಕ್ರಮಕ್ಕೆ ಹೆಚ್ಚು ಒಲವು ತೋರಿದರು.

ಕನ್ನಡದವರಿಗೆ ಇದಕ್ಕಿಂತ ಹತ್ತಿರದ ಎರಡು ಪ್ರಸಂಗಗಳಿವೆ. ಪಠ್ಯದಲ್ಲಿ ಸಿಗುವುದಿಲ್ಲ, ಆದರೆ ನಿಮ್ಮ ಪ್ರಬಂಧಕ್ಕೆ ಬೇಕಾಗುತ್ತವೆ. ಒಂದು, 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣ. ವೀರಪ್ಪನ್‌ಗೆ ಸಹಾಯ ಮಾಡಿದರು ಎಂಬ ಆರೋಪದ ಮೇಲೆ ಗಡಿಭಾಗದ ಹಳ್ಳಿಗಳ ಎಷ್ಟೋ ಜನ ಟಾಡಾ ಕಾನೂನಿನಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದರು. ಟಾಡಾ 1985ರಲ್ಲಿ ಪಂಜಾಬಿನ ಉಗ್ರವಾದದ ಬಿಸಿಯಲ್ಲಿ ಬಂದ ಕಾನೂನು. 1995ರಲ್ಲೇ ಅವಧಿ ಮುಗಿದಿತ್ತು, ಹಳೆಯ ಕೇಸುಗಳು ಮುಗಿದಿರಲಿಲ್ಲ. ಈ ಕೈದಿಗಳನ್ನು ಬಿಡಬೇಕು ಎಂಬುದು ವೀರಪ್ಪನ್‌ನ ಬೇಡಿಕೆಗಳಲ್ಲಿ ಒಂದು. ರಾಜ್ಯ ಸರ್ಕಾರ ಟಾಡಾ ಆರೋಪ ಕೈಬಿಡಲು ಹೊರಟಿತು. ವೀರಪ್ಪನ್ ತಂಡದ ಕೈಯಲ್ಲಿ ಸತ್ತ ಪೊಲೀಸ್ ಅಧಿಕಾರಿಯ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟ್ ನವೆಂಬರ್‌ನಲ್ಲಿ ಸರ್ಕಾರದ ಕ್ರಮವನ್ನು ತಳ್ಳಿಹಾಕಿತು. ಅಣ್ಣಾವ್ರು 108 ದಿನಗಳ ನಂತರ ಮನೆಗೆ ಬಂದರು. ಮರುವರ್ಷ ಮೈಸೂರಿನ ಟಾಡಾ ಕೋರ್ಟ್ ಬಹುತೇಕ ಆರೋಪಿಗಳನ್ನು ಖುಲಾಸೆ ಮಾಡಿತು.

ಆ ನೂರು ದಿನ ನಮ್ಮ ಬೀದಿಗಳಲ್ಲಿ ‘ಉಗ್ರ ಕಾನೂನು ಸಡಿಲ ಮಾಡಬೇಡಿ’ ಎಂಬ ಕೂಗು ಜೋರಾಗಿ ಕೇಳಲಿಲ್ಲ. ‘ಏನಾದರೂ ಮಾಡಿ, ಅಣ್ಣಾವ್ರನ್ನು ಕರೆದುಕೊಂಡು ಬನ್ನಿ’ ಎಂಬುದೇ ಕೇಳಿದ್ದು. ತಪ್ಪು ಅಂತ ನಾನು ಹೇಳುತ್ತಿಲ್ಲ. ಎದುರಿಗಿರುವ ಮುಖ ನಮ್ಮದಾದಾಗ ತಕ್ಕಡಿ ಬೇರೆ ಕಡೆ ವಾಲುತ್ತದೆ, ಅಷ್ಟೇ. ಆ ಟಾಡಾ ಕೈದಿಗಳು ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ಕೇಳುವ ವ್ಯವಧಾನ ಮಾತ್ರ ಅಪಹರಣಕ್ಕೆ ಮೊದಲೂ ಯಾರಿಗೂ ಇದ್ದಂತಿರಲಿಲ್ಲ.

ಇನ್ನೊಂದು, ಬೆಂಗಳೂರಿನಲ್ಲಿ ಓದಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಡಾ. ಮೊಹಮ್ಮದ್ ಹನೀಫ್ ಪ್ರಕರಣ. 2007ರ ಜೂನ್ ಕೊನೆಯಲ್ಲಿ ಗ್ಲಾಸ್ಗೊ ವಿಮಾನ ನಿಲ್ದಾಣದ ಮೇಲೆ ದಾಳಿ ಆಯಿತು. ಮಾಡಿದವರಲ್ಲಿ ಒಬ್ಬ ಹನೀಫ್ ಅವರ ಸೋದರ ಸಂಬಂಧಿ. ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹನೀಫ್ ಅವರನ್ನು ಹಿಡಿದರು. ಆರೋಪಪಟ್ಟಿ ಇಲ್ಲದೆ 12 ದಿನ ಇಟ್ಟುಕೊಂಡರು. ಅವರು ಹಿಂದೆ ಬ್ರಿಟನ್‌ನಲ್ಲಿ ಬಿಟ್ಟುಬಂದ ಸಿಮ್ ಕಾರ್ಡ್ ಗ್ಲಾಸ್ಗೊದ ದಾಳಿಯ ಜೀಪಿನಲ್ಲಿ ಸಿಕ್ಕಿದೆ ಎಂದು ಕೋರ್ಟಿಗೆ ಹೇಳಿದರು. ನಿಜದಲ್ಲಿ ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. ಜಾಮೀನು ಸಿಕ್ಕ ದಿನವೇ ವೀಸಾ ರದ್ದು ಮಾಡಿದರು. ಜುಲೈ 27ಕ್ಕೆ ಕೇಸೇ ಬಿದ್ದುಹೋಯಿತು. ಮುಂದಿನ ವರ್ಷ ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ವಿಚಾರಣೆ ಹನೀಫ್ ನಿರ್ದೋಷಿ ಎಂದಿತು, 2010ರಲ್ಲಿ ಪರಿಹಾರವೂ ಸಿಕ್ಕಿತು. 2001ರ ನಂತರದ ಹತ್ತು ವರ್ಷಗಳಲ್ಲಿ ಆಸ್ಟ್ರೇಲಿಯಾ 54 ಉಗ್ರ ನಿಗ್ರಹ ಕಾನೂನುಗಳನ್ನು ಮಾಡಿತ್ತು ಎಂದು ಅಲ್ಲಿನ ಕಾನೂನು ಪ್ರಾಧ್ಯಾಪಕ ಜಾರ್ಜ್ ವಿಲಿಯಮ್ಸ್ ಲೆಕ್ಕ ಹಾಕಿದ್ದಾರೆ. ಅವುಗಳ ಬಲ ಏನು ಎಂಬುದು ಸಾಮಾನ್ಯ ಆಸ್ಟ್ರೇಲಿಯನ್ನರಿಗೆ ನಿಜವಾಗಿ ಕಂಡಿದ್ದು ಈ ಒಬ್ಬ ಡಾಕ್ಟರ ಕಥೆಯಲ್ಲಿ. ಪೊಲೀಸರು ಹನೀಫ್ ಅವರನ್ನು ಪ್ರಶ್ನಿಸಿದ ದಾಖಲೆ ಸುದ್ದಿಪತ್ರಿಕೆಯಲ್ಲಿ ಬಂದ ಮೇಲೆ ಚರ್ಚೆಯ ಧಾಟಿಯೇ ಬದಲಾಯಿತು.

ಭಾವನೆಯ ಬಗ್ಗೆ ಒಂದು ಮಾತು. ‘ಜನ ಹೆದರಿದ್ದಾರೆ, ಅದಕ್ಕೇ ಕಠಿಣ ಕ್ರಮ ಕೇಳುತ್ತಾರೆ’ ಎಂದು ಎಲ್ಲರೂ ಬರೆಯುತ್ತಾರೆ. ನೀವು ಹಾಗೆ ಬರೆಯಬೇಡಿ. ಲಿಯೋನಿ ಹಡ್ಡಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಎರಡಾಗಿ ಬಿಡಿಸಿತು. ‘ದೇಶಕ್ಕೆ ಅಪಾಯ ಇದೆ’ ಎಂದು ತಣ್ಣಗೆ ಲೆಕ್ಕ ಹಾಕಿದವರು ಯುದ್ಧಕ್ಕೆ, ಕಣ್ಗಾವಲಿಗೆ ಬೆಂಬಲ ಕೊಟ್ಟರು. ನಿಜವಾಗಿ ಒಳಗೇ ಅಳುಕಿದವರು, ನಿದ್ದೆ ಬಾರದವರು, ಯುದ್ಧಕ್ಕೆ ಹಿಂದೇಟು ಹಾಕಿದರು. ಜೆನಿಫರ್ ಲರ್ನರ್ ತಂಡ 2001ರಲ್ಲೇ ಮಾಡಿದ ಪ್ರಯೋಗದಲ್ಲೂ ಹೀಗೇ. ಕೆಲವರಲ್ಲಿ ಸಿಟ್ಟು ಬರಿಸಿದರು, ಕೆಲವರಲ್ಲಿ ಭಯ. ಸಿಟ್ಟು ಬಂದವರಿಗೆ ಅಪಾಯ ಕಮ್ಮಿ ಕಂಡಿತು, ವಿದೇಶಿಯರನ್ನು ಹೊರಹಾಕುವಂಥ ಕ್ರಮ ಇಷ್ಟವಾಯಿತು. ಹೆದರಿದವರಿಗೆ ಅಪಾಯ ಜಾಸ್ತಿ ಕಂಡಿತು, ಮುಸ್ಲಿಂ ದೇಶಗಳ ಜೊತೆ ಸಂಬಂಧ ಸುಧಾರಿಸುವುದು ಮೇಲು ಅನಿಸಿತು. ಹಾಗಾಗಿ ರಾತ್ರಿ ಒಂಬತ್ತರ ಚರ್ಚೆಯಲ್ಲಿ ನಿರೂಪಕರು ಕಿರುಚಿ ಬಡಿದೆಬ್ಬಿಸುವುದು ಯಾವ ಭಾವನೆಯನ್ನು ಅಂತ ಸ್ವಲ್ಪ ಯೋಚಿಸಿ.

ಜನಾಭಿಪ್ರಾಯದ ಬಗ್ಗೆ ಜನ ಏನು ಅಂದುಕೊಂಡಿದ್ದಾರೆ ಎಂಬುದೂ ಒಂದು ವಿಷಯವೇ. ಬುಷ್ ಕಾಲದಲ್ಲಿ ‘ಶಂಕಿತರಿಗೆ ಚಿತ್ರಹಿಂಸೆ ಕೊಡುವುದನ್ನು ಬಹುಪಾಲು ಅಮೆರಿಕನ್ನರು ಒಪ್ಪುತ್ತಾರೆ’ ಎಂದು ಪತ್ರಕರ್ತರು, ರಾಜಕಾರಣಿಗಳು ಗಿಳಿಪಾಠದಂತೆ ಹೇಳುತ್ತಿದ್ದರು. ಪಾಲ್ ಗ್ರಾಂಕಿ, ಡೇರಿಯಸ್ ರೆಜಾಲಿ ಮತ್ತಿತರರು 2001ರಿಂದ 2009ರವರೆಗಿನ ಸಮೀಕ್ಷೆಗಳನ್ನು ಒಟ್ಟಿಗೆ ಹಾಕಿ ನೋಡಿದರು. ಬುಷ್ ಇದ್ದಷ್ಟು ಕಾಲ ಬಹುಮತ ಚಿತ್ರಹಿಂಸೆಯ ವಿರುದ್ಧವೇ ಇತ್ತು. ಪರವಾದ ಬಹುಮತ ಮೊದಲು ಕಂಡಿದ್ದು ಒಬಾಮ ಬಂದು ಆರು ತಿಂಗಳಾದ ಮೇಲೆ! ಚಿತ್ರಹಿಂಸೆ ಬೇಕು ಎನ್ನುವವರು ದೇಶವೇ ತಮ್ಮ ಹಾಗೆ ಯೋಚಿಸುತ್ತಿದೆ ಎಂದು ನಂಬಿದ್ದರು. ನನಗೆ ಈ ಇಡೀ ಸಾಹಿತ್ಯದಲ್ಲಿ ಅತಿ ಮುಖ್ಯ ಅನಿಸುವ ಫಲಿತಾಂಶ ಇದು. ಯಾಕೆಂದರೆ ಶಾಸಕರು ಮತ ಹಾಕುವುದು ಜನರ ಅಭಿಪ್ರಾಯ ನೋಡಿ ಅಲ್ಲ, ಜನರ ಅಭಿಪ್ರಾಯ ಏನಿರಬಹುದು ಎಂಬ ತಮ್ಮ ಊಹೆ ನೋಡಿ.

ಈಗ ನಿಮ್ಮ ಮೂಲ ಪ್ರಶ್ನೆ. ಜನ ಕೇಳಿದ್ದಕ್ಕೆ ಕಾನೂನು ಬರುತ್ತದಾ? ಕ್ಯಾಲೆಂಡರ್ ನೋಡಿದರೆ ಹಾಗೆ ಕಾಣುವುದಿಲ್ಲ. ಸೆಪ್ಟೆಂಬರ್ 11ರ ಹಿಂದಿನ ದಿನಗಳಲ್ಲಿ ಗ್ಯಾಲಪ್ ಪ್ರಕಾರ ಬುಷ್ ಕೆಲಸವನ್ನು ಮೆಚ್ಚಿದವರು ಶೇ 51. ಎರಡು ವಾರದೊಳಗೆ ಶೇ 90. ಸಂಕಟ ಬಂದಾಗ ಜನ ನಾಯಕನ ಹಿಂದೆ ನಿಲ್ಲುತ್ತಾರೆ ಎಂಬುದನ್ನು ಜಾನ್ ಮುಲ್ಲರ್ 1970ರಲ್ಲೇ ಅಂಕಿ ಸಮೇತ ತೋರಿಸಿದ್ದರು. ಆ ಅಲೆ ಇಳಿಯುವ ಮೊದಲೇ, ಅಕ್ಟೋಬರ್ 26ಕ್ಕೆ, ತನಿಖಾ ಸಂಸ್ಥೆಗಳಿಗೆ ಹೆಚ್ಚಿನ ಅಧಿಕಾರ ಕೊಡುವ ಪೇಟ್ರಿಯಟ್ ಆಕ್ಟ್‌ಗೆ ಸಹಿ ಬಿತ್ತು. ಕೆಳಮನೆಯಲ್ಲಿ 357–66, ಸೆನೆಟ್‌ನಲ್ಲಿ 98–1. ಬುಷ್ ಮೆಚ್ಚುಗೆ 2008ರಲ್ಲಿ ಶೇ 25ರವರೆಗೆ ಕುಸಿಯಿತು. ಆದರೆ ಅದೇ ಕಾನೂನಿನ ಬಲದಲ್ಲಿ ನಡೆದ ಫೋನ್ ಲೆಕ್ಕದ ಸಂಗ್ರಹ ನಿಲ್ಲಲು 2015ರಲ್ಲಿ ಬೇರೆ ಕಾನೂನು ಬರಬೇಕಾಯಿತು. ನಮ್ಮಲ್ಲಿ ಭಯೋತ್ಪಾದನೆ ತಡೆಯುವ ಪೋಟಾ ಮಸೂದೆ ರಾಜ್ಯಸಭೆಯಲ್ಲಿ ಬಿದ್ದ ಮೇಲೆ 2002ರ ಮಾರ್ಚ್ 26ರಂದು ಜಂಟಿ ಅಧಿವೇಶನ ಕರೆದು 425–296 ಮತಗಳಿಂದ ಪಾಸು ಮಾಡಿದರು. 2004ರಲ್ಲಿ ಪೋಟಾ ಹೋಯಿತು, ಅದರ ಎಷ್ಟೋ ಕಲಂಗಳು ಅದೇ ವರ್ಷ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಒಳಗೆ ಬಂದು ಕೂತವು. ಮುಂಬೈ ದಾಳಿ 2008ರ ನವೆಂಬರ್ 29ಕ್ಕೆ ಮುಗಿಯಿತು. ರಾಷ್ಟ್ರೀಯ ತನಿಖಾ ಸಂಸ್ಥೆ ಕಟ್ಟುವ ಎನ್‌ಐಎ ಕಾನೂನು ಮತ್ತು ಯುಎಪಿಎ ತಿದ್ದುಪಡಿ ಎರಡೂ ಡಿಸೆಂಬರ್ 17ಕ್ಕೆ ಲೋಕಸಭೆ ದಾಟಿದವು. ಆರೋಪಪಟ್ಟಿ ಇಲ್ಲದೆ 180 ದಿನ ಬಂಧನದಲ್ಲಿಡಲು ದಾರಿಯಾಯಿತು. ಮೂರು ವಾರದಲ್ಲಿ ಜನಾಭಿಪ್ರಾಯವನ್ನು ಯಾರು ಅಳೆದರು? ನನ್ನ ಓದಿನಲ್ಲಿ ಕಾನೂನು ಮೊದಲು ಬರುತ್ತದೆ, ‘ಜನಕ್ಕೆ ಬೇಕಿತ್ತು’ ಎಂಬ ಮಾತು ಹಿಂದಿನಿಂದ ಬರುತ್ತದೆ.

ಹಾಗಂತ ಜನ ಯಾವಾಗಲೂ ಸರ್ಕಾರದ ಹಿಂದೆ ನಿಲ್ಲುತ್ತಾರೆ ಎಂದೂ ಅಲ್ಲ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಚುನಾವಣೆ ಇದ್ದದ್ದು 14ಕ್ಕೆ. ಸರ್ಕಾರ ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಇಟಿಎಯತ್ತ ಬೆರಳು ತೋರಿಸಿತು, ಸುಳಿವುಗಳು ಬೇರೆ ಕಡೆ ತೋರಿಸುತ್ತಿದ್ದವು. ಆಡಳಿತ ಪಕ್ಷ ಸೋತಿತು. ಜೋಸ್ ಮೊಂಟಾಲ್ವೊ ಇದನ್ನು ಜಾಣತನದಿಂದ ಅಧ್ಯಯನ ಮಾಡಿದರು. ವಿದೇಶದಲ್ಲಿದ್ದ ಸ್ಪೇನಿಗರು ದಾಳಿಗೆ ಮೊದಲೇ ಮತ ಹಾಕಿದ್ದರು. ಅವರ ಮತವನ್ನು ದಾಳಿಯ ನಂತರ ಹಾಕಿದವರ ಮತದ ಪಕ್ಕ ಇಟ್ಟು ಹೋಲಿಸಿ, ದಾಳಿಯೇ ಫಲಿತಾಂಶ ತಿರುಗಿಸಿತು ಎಂದು ತೋರಿಸಿದರು. ಇಸ್ರೇಲ್‌ನಲ್ಲಿ ಇದಕ್ಕೆ ವಿರುದ್ಧ. ರಾಕೆಟ್ ತಲುಪುವ ದೂರದಲ್ಲಿರುವ ಊರುಗಳಲ್ಲಿ ಬಲಪಂಥೀಯ ಪಕ್ಷಗಳ ಮತ 2ರಿಂದ 6 ಶೇಕಡಾ ಅಂಶ ಏರುತ್ತದೆ ಎಂದು ಗೆಟ್‌ಮಾನ್‌ಸ್ಕಿ ಮತ್ತು ಝೈಟ್‌ಝಾಫ್ ಕಂಡುಕೊಂಡರು. ಇನ್ನು ನಮ್ಮ ದೆಹಲಿ 2008ರ ನವೆಂಬರ್ 29ರಂದೇ, ಮುಂಬೈ ಇನ್ನೂ ಹೊಗೆಯಾಡುತ್ತಿದ್ದಾಗ, ಮತ ಹಾಕಿತು. ಕೇಂದ್ರದಲ್ಲಿದ್ದ ಕಾಂಗ್ರೆಸ್ಸೇ ಅಲ್ಲಿ ಗೆದ್ದಿತು. ಒಂದು ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ.

ಪ್ರಬಂಧದ ವಿಷಯ. ಈ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪ್, ಇಸ್ರೇಲಿನವು. ಅಲ್ಲಿ ಫೋನಿನಲ್ಲಿ ಕೇಳಿದರೆ ಜನ ಸರ್ಕಾರವನ್ನು ಬೈಯಲು ಅಷ್ಟಾಗಿ ಅಂಜುವುದಿಲ್ಲ. ನಮ್ಮಲ್ಲಿ ಅಪರಿಚಿತರು ಬಂದು ‘ಪೊಲೀಸರಿಗೆ ಇಷ್ಟು ಅಧಿಕಾರ ಸರಿಯಾ?’ ಎಂದರೆ ಎಷ್ಟೋ ಜನ ‘ಸುಮ್ನೆ ಯಾಕೆ ತಲೆನೋವು’ ಎಂದು ಹೌದು ಅಂದುಬಿಡುತ್ತಾರೆ. ಅಫ್ಘಾನಿಸ್ತಾನದಲ್ಲಿ ಜೇಸನ್ ಲಯಾಲ್, ಗ್ರೇಮ್ ಬ್ಲೇರ್, ಕೊಸುಕೆ ಇಮಾಯ್ ಇದಕ್ಕೆ ಒಂದು ಉಪಾಯ ಮಾಡಿದರು. ‘ತಾಲಿಬಾನ್ ಇಷ್ಟವಾ?’ ಎಂದು ಕೇಳಲಿಲ್ಲ. ಜೈಲು ಸುಧಾರಣೆಯಂಥ ಒಂದು ನೀತಿಯ ಬಗ್ಗೆ ಕೇಳಿದರು. ಕೆಲವರಿಗೆ ‘ಇದಕ್ಕೆ ತಾಲಿಬಾನ್ ಬೆಂಬಲ ಇದೆ’ ಎಂದರು, ಕೆಲವರಿಗೆ ‘ವಿದೇಶಿ ಪಡೆಗಳ ಬೆಂಬಲ ಇದೆ’ ಎಂದರು, ಕೆಲವರಿಗೆ ಏನೂ ಹೇಳಲಿಲ್ಲ. ಉತ್ತರಗಳ ವ್ಯತ್ಯಾಸದಲ್ಲಿ ಮನಸ್ಸು ಕಾಣುತ್ತದೆ. ವಿದೇಶಿ ಪಡೆಗಳಿಂದ ಹಾನಿಯಾದಾಗ ಅವುಗಳ ಬೆಂಬಲ ಕುಸಿದು ತಾಲಿಬಾನ್‌ಗೆ ಲಾಭ ಆಯಿತು. ತಾಲಿಬಾನ್‌ನಿಂದ ಹಾನಿಯಾದಾಗ ವಿದೇಶಿ ಪಡೆಗಳಿಗೆ ಅಂಥ ಲಾಭ ಆಗಲಿಲ್ಲ.

ನೀವು ಅಷ್ಟು ದೂರ ಹೋಗಬೇಡಿ. ಯಾವ ಸಂಘಟನೆಯ ಹೆಸರನ್ನೂ ಎತ್ತಬೇಡಿ, ಉತ್ತರ ಕೊಡುವವರಿಗೂ ನಿಮಗೂ ಅದು ಒಳ್ಳೆಯದಲ್ಲ. ಪ್ಯೂ ಪ್ರಯೋಗವನ್ನೇ ಕನ್ನಡದಲ್ಲಿ ಮಾಡಿ. ಒಂದು ಪ್ರಶ್ನೆ, ಎರಡು ರೂಪ: ‘ಶಂಕಿತರನ್ನು ಆರೋಪಪಟ್ಟಿ ಇಲ್ಲದೆ 180 ದಿನ ಬಂಧನದಲ್ಲಿಡಬಹುದಾ?’ ಒಂದರಲ್ಲಿ ‘ನ್ಯಾಯಾಲಯದ ಒಪ್ಪಿಗೆ ಪಡೆದು’ ಎಂದು ಸೇರಿಸಿ, ಇನ್ನೊಂದರಲ್ಲಿ ಬೇಡ. ಹಾಳೆಗಳನ್ನು ಮೊದಲೇ ಕಲೆಸಿಡಿ, ಯಾರಿಗೆ ಯಾವುದು ಎಂದು ನೀವು ಆರಿಸಬೇಡಿ. ಹತ್ತು ಹನ್ನೆರಡು ಅಂಶಗಳ ವ್ಯತ್ಯಾಸ ಖಚಿತವಾಗಿ ಕಾಣಬೇಕಾದರೆ ಒಂದೊಂದು ರೂಪಕ್ಕೂ ಮುನ್ನೂರರಿಂದ ನಾನೂರು ಜನ ಬೇಕು. ಕ್ಲಾಸಿನ ಗೆಳೆಯರನ್ನಷ್ಟೇ ಕೇಳಿ ಮುಗಿಸಬೇಡಿ, ಬಸ್ ಸ್ಟ್ಯಾಂಡ್, ಸಂತೆ, ಎಪಿಎಂಸಿ ಕಡೆಗೂ ಹೋಗಿ. ಹೆಸರು, ಫೋನ್ ನಂಬರ್ ಬರೆಸಿಕೊಳ್ಳಬೇಡಿ. ಪೊಲೀಸರ ಮೇಲೆ ಎಷ್ಟು ನಂಬಿಕೆ ಎಂಬ ಪ್ರಶ್ನೆ ಇರಲಿ, ಅದನ್ನು ಹಾಳೆಯ ಕೊನೆಯಲ್ಲಿ ಇಡಿ. ಮೊದಲೇ ಕೇಳಿದರೆ ಉಳಿದ ಉತ್ತರಗಳಿಗೂ ಅದರ ಬಣ್ಣ ಅಂಟುತ್ತದೆ. ಶುರು ಮಾಡುವ ಮೊದಲು ನಿಮ್ಮ ಮಾರ್ಗದರ್ಶಕರಿಂದ ಮತ್ತು ವಿಭಾಗದಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ, ಅದರ ಒಂದು ಪ್ರತಿ ಬ್ಯಾಗಿನಲ್ಲೇ ಇರಲಿ.